ಐದು ತಿಂಗಳ ಮಗು, ಬೆಂಗಳೂರು ಮತ್ತು ಮೈಗಾಗದ ರವಿಕೆಗಳು

ಡೇರೆಹೂವು (ತೀರ್ಥಹಳ್ಳಿ ಕಡೆಯವಳು, ಈಗ ಬೆಂಗಳೂರು):

ಎಲ್ಲರಿಗೂ ನಮಸ್ಕಾರ. ದೊಡ್ಡಹಬ್ಬಕ್ಕೆಂದು, ಅಂದರೆ ದೀಪಾವಳಿಗೆ, ತವರಿಗೆ ಬಂದವಳು ಇನ್ನೂ ಹತ್ತು ದಿನ ಇಲ್ಲಿಯೇ ಇರುತ್ತೇನೆ. ಮಗಳು ಅಮ್ಮನ ಮಡಿಲಲ್ಲಿ ನಿದ್ದೆ ಹೋಗಿದ್ದಾಳೆ, ಜಗಲಿಯಲ್ಲಿ ಅಡಿಕೆ ಸುಲಿಯುವವರ ಮಾತು ಕೇಳಿಸುತ್ತಿದೆ. ಎರಡು ತಿಂಗಳಿಂದ ಮನಸ್ಸಿನಲ್ಲಿಯೇ ಇಟ್ಟುಕೊಂಡಿದ್ದ ಸಂಗತಿಯನ್ನು ಈ ಬಿಡುವಿನಲ್ಲಿ ಬರೆದುಬಿಡುತ್ತೇನೆ.

ನನಗೆ ಉಡುವ ತೊಡುವ ಹುಚ್ಚು ಮೊದಲಿನಿಂದಲೂ ಇದೆ, ಅದನ್ನು ಮುಚ್ಚಿಡುವುದಿಲ್ಲ. ಶಿವಮೊಗ್ಗದ ಕಚೇರಿಯಲ್ಲಿದ್ದ ಆರು ವರ್ಷವೂ ವಾರಕ್ಕೆ ಮೂರು ದಿನವಾದರೂ ಗಂಜಿ ಹಾಕಿ ಇಸ್ತ್ರಿ ಮಾಡಿದ ಹತ್ತಿ ಸೀರೆ ಉಡುತ್ತಿದ್ದೆ. ಗಾಂಧಿ ಬಜಾರಿನಲ್ಲಿ ಒಳ್ಳೆಯ ಗುಳೇದಗುಡ್ಡದ ಖಣ ಸಿಕ್ಕಿತೆಂದರೆ ಅಂದೇ ಸಂಜೆ ದುರ್ಗಿಗುಡಿಯ ಟೈಲರ್ ಅಂಗಡಿಯಲ್ಲಿ ಅಳತೆಗೆ ನಿಂತಿರುತ್ತಿದ್ದೆ. ಮಳೆಗಾಲದಲ್ಲಿ ಅಮ್ಮ ಬಸ್ಸಿನಲ್ಲಿ ಕಳಿಸುತ್ತಿದ್ದ ಡೇರೆ (ಡೇಲಿಯಾ) ಹೂವನ್ನು ಸೀರೆಯ ಅಂಚಿನ ಬಣ್ಣ ನೋಡಿ ಮುಡಿಯುತ್ತಿದ್ದೆ. ಕಚೇರಿಯಲ್ಲಿ ನಗುವವರು ನಗುತ್ತಿದ್ದರು, ಮರುದಿನ ಅವರೇ ಬಂದು ಗೆಡ್ಡೆ ಸಿಗುತ್ತದೆಯೇ ಎಂದು ಕೇಳುತ್ತಿದ್ದರು.

ಜೂನ್ ತಿಂಗಳಲ್ಲಿ ಸಿಸೇರಿಯನ್ ಆಯಿತು. ಬಾಣಂತನವೆಲ್ಲ ಇಲ್ಲಿಯೇ, ಜಡಿಮಳೆಯಲ್ಲಿ. ಮೂರು ತಿಂಗಳು ಹಂಡೆ ನೀರು, ಕಿವಿಗೆ ಹತ್ತಿ, ತಲೆಗೆ ಸ್ಕಾರ್ಫು, ಮೆಣಸಿನ ಸಾರು. ಬಿಸಿಲೇ ಇಲ್ಲದ್ದರಿಂದ ಮಗುವಿನ ಬಟ್ಟೆಯೆಲ್ಲ ಬಚ್ಚಲೊಲೆಯ ಮೇಲೆ ಕಟ್ಟಿದ ಬಿದಿರಿನ ಗಳದಲ್ಲಿ ಒಣಗುತ್ತಿತ್ತು. ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಮನೆಯಲ್ಲಿ ಸೂಟ್‌ಕೇಸ್ ತೆರೆದಾಗ ಒಂಬತ್ತನೆಯ ಮಹಡಿಯ ಆ ಕೋಣೆಯ ತುಂಬ ನಮ್ಮ ಬಚ್ಚಲುಮನೆಯ ಹೊಗೆಯ ವಾಸನೆ. ಒಂದು ಕುಲಾವಿಯನ್ನು ಇಂದಿಗೂ ಒಗೆಯದೆ ಹಾಗೆಯೇ ಇಟ್ಟುಕೊಂಡಿದ್ದೇನೆ.

ಯಜಮಾನರ ಕೆಲಸ ಅಲ್ಲಿಯೇ, ನನಗೂ ಅಲ್ಲಿನ ಶಾಖೆಗೆ ವರ್ಗವಾಗಿದೆ. ಡಿಸೆಂಬರ್ ಮೊದಲ ವಾರ ಸೇರಿಕೊಳ್ಳಬೇಕು. ಈಗ ನನ್ನ ಸ್ಥಿತಿ ಹೀಗಿದೆ: ಹದಿನೆಂಟು ರವಿಕೆಗಳಲ್ಲಿ ಒಂದೂ ಮೊಣಕೈ ದಾಟಿ ಏರುವುದಿಲ್ಲ. ಲಂಗದ ಲಾಡಿ ಬಿಗಿದರೆ ಹೊಲಿಗೆಯ ಜಾಗ ಚುರುಗುಟ್ಟುತ್ತದೆ. ತಲೆ ಬಾಚಿದರೆ ಬಾಚಣಿಗೆಯ ತುಂಬ ಕೂದಲು. ಹಾಗಾಗಿ ನೈಟಿ, ಅದರ ಮೇಲೊಂದು ದುಪಟ್ಟಾ, ಇದೇ ನನ್ನ ಹಗಲೂ ಇರುಳೂ ಆಗಿಹೋಯಿತು. ಒಂದು ದಿನ ಮಗುವನ್ನು ಎತ್ತಿಕೊಂಡು ಲಿಫ್ಟಿನಲ್ಲಿ ಇಳಿಯುತ್ತಿದ್ದಾಗ ಮೇಲಿನ ಮಹಡಿಯ ಹೆಂಗಸೊಬ್ಬರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಮಗು ನೋಡಿಕೊಳ್ಳುವುದಕ್ಕೆ ತಿಂಗಳಿಗೆ ಎಷ್ಟು ಕೊಡುತ್ತಾರೆ? ನಮ್ಮ ಮನೆಗೂ ಒಬ್ಬರು ಬೇಕಿತ್ತು" ಎಂದು ಕೇಳಿದರು. ನಾನು ಉತ್ತರ ಹೇಳುವಷ್ಟರಲ್ಲಿ ನೆಲಮಹಡಿ ಬಂದಿತ್ತು.

ಊರಿನಲ್ಲಿ ನಾನು ಹಳೆಯ ಸೀರೆ ಉಟ್ಟು ಪೇಟೆಗೆ ಹೋದರೂ ಇಂಥ ಮನೆಯ ಮಗಳೆಂದೇ ಮಾತನಾಡಿಸುತ್ತಾರೆ. ಅಲ್ಲಿ ಬಟ್ಟೆ ನನ್ನ ಖುಷಿಗೆ ಮಾತ್ರ ಇತ್ತು. ಬೆಂಗಳೂರಿನಲ್ಲಿ ನಾನು ಯಾರೆಂದು ಹೇಳುವುದಕ್ಕೆ ಬಟ್ಟೆಯ ಹೊರತು ಬೇರೆ ಸಾಕ್ಷಿಯಿಲ್ಲ, ಆ ಬಟ್ಟೆಯೇ ಈಗ ನನಗಾಗುತ್ತಿಲ್ಲ. ಮಗು ಹಾಲು ಕುಡಿಯುವ ಈ ದಿನಗಳಲ್ಲಿ, ಗುರುತಿಲ್ಲದ ಊರಿನಲ್ಲಿ, ನೀವೆಲ್ಲ ಹೇಗೆ ನಿಭಾಯಿಸಿದಿರಿ?

ಹಂಡೆನೀರು (ಕೊಪ್ಪ):

ತಂಗೀ, ನಾನು ಮೂವರನ್ನು ಹೆತ್ತವಳು, ಈಗ ಮೊಮ್ಮಕ್ಕಳ ಬಾಣಂತನ ಮಾಡುತ್ತಿದ್ದೇನೆ. ಹೇಳಿದರೆ ಬೇಸರ ಮಾಡಿಕೊಳ್ಳಬೇಡಿ, ಐದು ತಿಂಗಳ ಹಸುಗೂಸನ್ನು ಇಟ್ಟುಕೊಂಡು ರವಿಕೆಯ ಚಿಂತೆ ಮಾಡುವುದು ನನಗೆ ಅಷ್ಟು ಸರಿ ಕಾಣುವುದಿಲ್ಲ. ನಮ್ಮ ಕಾಲದಲ್ಲಿ ಬಾಣಂತಿಗೆಂದು ತೊಳೆದು ತೊಳೆದು ಮೆತ್ತಗಾದ ಎರಡು ಸೀರೆಗಳನ್ನು ತೆಗೆದಿಡುತ್ತಿದ್ದರು, ವರ್ಷದವರೆಗೆ ಅವೇ. ಅದು ಬಡತನಕ್ಕಲ್ಲ. ಜರಿಯ ಅಂಚು ಮಗುವಿನ ಕೆನ್ನೆಗೆ ತಾಗಿದರೆ ಕೆಂಪಗೆ ಗೀರು ಏಳುತ್ತದೆ, ಸೆರಗಿನ ಪಿನ್ನು ಯಾವಾಗ ಬಿಚ್ಚಿಕೊಳ್ಳುತ್ತದೆಂದು ಹೇಳಲಾಗದು, ಹೊಸ ಬಟ್ಟೆಯ ಗಂಜಿ ಮಗುವಿನ ಮೈಗೆ ಉರಿಯಾಗುತ್ತದೆ. ನನ್ನ ಅತ್ತೆ ಗೊಬ್ಬೆ ಸೆರಗು ಹಾಕಿ ಭುಜದ ಮೇಲೆ ಗಂಟು ಬಿಗಿಯುತ್ತಿದ್ದರು. ತೋಟದ ಕೆಲಸವೂ ಆಗುತ್ತಿತ್ತು, ಮಗುವಿಗೆ ಹಾಲೂ ಆಗುತ್ತಿತ್ತು, ಒಂದು ಪಿನ್ನೂ ಬೇಕಿರಲಿಲ್ಲ. ಲಿಫ್ಟಿನಲ್ಲಿ ಯಾರೋ ಏನೋ ಅಂದರೆ ಅಲ್ಲಿಯೇ ಬಿಟ್ಟುಬಿಡಿ.

ಸೂಜಿದಾರ (ಶಿವಮೊಗ್ಗ):

ನಾನು ಇಪ್ಪತ್ತು ವರ್ಷದಿಂದ ಹೊಲಿಯುತ್ತಿದ್ದೇನೆ, ಆದ್ದರಿಂದ ಚಿಂತೆ ಸರಿಯೋ ತಪ್ಪೋ ಎಂಬುದನ್ನು ದೊಡ್ಡವರಿಗೆ ಬಿಟ್ಟು ರವಿಕೆಯ ವಿಷಯವನ್ನಷ್ಟೇ ಹೇಳುತ್ತೇನೆ. ಹದಿನೆಂಟನ್ನೂ ಪಕ್ಕಕ್ಕೆಸೆಯಬೇಡಿ. ಮೊದಲು ಒಂದೊಂದನ್ನೂ ಒಳಮಗ್ಗುಲಿಗೆ ತಿರುಗಿಸಿ ಪಕ್ಕದ ಹೊಲಿಗೆಯಲ್ಲಿ ಎಷ್ಟು ಬಟ್ಟೆ ಮಡಚಿ ಬಿಟ್ಟಿದ್ದಾರೆಂದು ನೋಡಿ. ಮಡಿಕೆಯಲ್ಲಿ ಒಂದೊಂದು ಇಂಚು ಇದ್ದರೆ, ಹೊಲಿಗೆಗೆ ಅರ್ಧ ಇಂಚು ಉಳಿಸಿಕೊಂಡರೂ, ಎರಡೂ ಪಕ್ಕ ಸೇರಿ ಸುತ್ತಳತೆಯಲ್ಲಿ ಎರಡು ಇಂಚು ಸಿಗುತ್ತದೆ. ಖಣದ ರವಿಕೆಗಳಲ್ಲಿ ಅಷ್ಟು ಬಿಟ್ಟಿರುವುದು ಕಡಿಮೆ, ಏಕೆಂದರೆ ಖಣದ ಪನ್ನವೇ, ಅಂದರೆ ಬಟ್ಟೆಯ ಅಗಲವೇ, ಚಿಕ್ಕದು. ಅವಕ್ಕೆ ಕಂಕುಳಿನಿಂದ ಕೆಳಗೆ ಅದೇ ಬಣ್ಣದ ಹತ್ತಿಯ ಪಟ್ಟಿ ಸೇರಿಸಿದರೆ ಸೆರಗಿನಡಿ ಯಾರಿಗೂ ಕಾಣುವುದಿಲ್ಲ.

ಬೆನ್ನಿನ ಕಡೆ ಹುಕ್ಕು ಇರುವ, ಕುತ್ತಿಗೆ ಮುಚ್ಚಿದ ರವಿಕೆಗಳನ್ನು ಮಾತ್ರ ಎರಡು ವರ್ಷ ಟ್ರಂಕಿಗೆ ಹಾಕಿ. ಹಾಲೂಡಿಸುವವರಿಗೆ ಮುಂದಿನ ಹುಕ್ಕೇ ಬೇಕು, ಅದರಲ್ಲಿಯೂ ಕೆಳಗಿನ ಎರಡು ಹುಕ್ಕಿನ ಬದಲು ಒತ್ತುವ ಗುಂಡಿ ಹಾಕಿಸಿದರೆ ಒಂದೇ ಕೈಯಲ್ಲಿ ತೆರೆಯಬಹುದು. ಇನ್ನೊಂದು ಸಂಗತಿಯನ್ನು ಬಹಳ ಟೈಲರುಗಳು ಕೇಳುವುದೇ ಇಲ್ಲ: ಅಳತೆ ಕೊಡುವಾಗ ಮಗುವಿಗೆ ಹಾಲು ಕೊಟ್ಟು ಎಷ್ಟು ಹೊತ್ತಾಗಿದೆ? ಕುಡಿಸಿದ ಕೂಡಲೇ ಅಳತೆ ಕೊಟ್ಟರೆ ಎರಡು ಗಂಟೆಯ ನಂತರ ಅದೇ ರವಿಕೆ ಉಸಿರು ಕಟ್ಟಿಸುತ್ತದೆ. ಮುಂದಿನ ಸಲ ಹಾಲು ಕೊಡುವ ಸ್ವಲ್ಪ ಮೊದಲು ಅಳತೆ ಕೊಡಿ. ಲಂಗಕ್ಕೆ ಲಾಡಿಯ ಬದಲು ಮೂರು ಬೆರಳಗಲದ ಪಟ್ಟಿ ಮತ್ತು ಪಕ್ಕದಲ್ಲಿ ಹುಕ್ಕು ಹಾಕಿಸಿ, ಹೊಕ್ಕುಳಿಗಿಂತ ಮೇಲೆ ಉಟ್ಟರೆ ಹೊಲಿಗೆಯ ಜಾಗಕ್ಕೆ ತಾಗುವುದಿಲ್ಲ.

ಬಿಳಿಕೋಟು (ಶಿವಮೊಗ್ಗ, ಶುಶ್ರೂಷಕಿ):

ಕೂದಲಿನ ವಿಷಯದಲ್ಲಿ ಧೈರ್ಯವಾಗಿರಿ. ಗರ್ಭಿಣಿಯಾಗಿದ್ದಾಗ ಈಸ್ಟ್ರೋಜನ್ ಹೆಚ್ಚಿರುವುದರಿಂದ ಸಹಜವಾಗಿ ಉದುರಬೇಕಾದ ಕೂದಲೂ ಉದುರದೆ ನಿಲ್ಲುತ್ತದೆ, ಹೆರಿಗೆಯಾದ ಮೇಲೆ ಆ ಪ್ರಮಾಣ ಇಳಿದು, ಸುಮಾರು ಮೂರು ತಿಂಗಳ ಹೊತ್ತಿಗೆ ಅದೆಲ್ಲ ಒಟ್ಟಿಗೆ ಉದುರಲು ತೊಡಗುತ್ತದೆ. ನೀವು ಬೆಂಗಳೂರಿಗೆ ಹೋದದ್ದೂ ಅದೇ ಹೊತ್ತಿಗೆ, ಹಾಗಾಗಿ ಎಲ್ಲರೂ ಅಲ್ಲಿನ ನೀರನ್ನು ಬೈಯುತ್ತಾರೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳಿರುವುದರಿಂದ ಸಾಬೂನು ನೊರೆಯಾಗದೆ ಕೂದಲು ಒರಟಾಗುವುದು ನಿಜ. ಆದರೆ ಈ ಬಗೆಯ ಉದುರುವಿಕೆ ಗುಡ್ಡದ ಅಬ್ಬಿ ನೀರಿನಲ್ಲಿ ಮಿಂದವರಿಗೂ ಆಗುತ್ತದೆ. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಬಹುತೇಕರಿಗೆ ಮೊದಲಿನಂತಾಗುತ್ತದೆ. ಆಗದಿದ್ದರೆ ರಕ್ತಹೀನತೆ ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಬೇಕು.

ಅಲಂಕಾರಕ್ಕೆ ಸಂಬಂಧಿಸಿ ಎರಡು ಮಾತು. ಮಗುವಿನ ಕಣ್ಣಿಗೆ ಕಾಡಿಗೆ ಹಚ್ಚಬೇಡಿ, ಕೆಲವು ಕಾಡಿಗೆಗಳಲ್ಲಿ ಸೀಸದ ಅಂಶವಿರುತ್ತದೆ; ದೃಷ್ಟಿಬೊಟ್ಟು ಬೇಕೇ ಬೇಕೆಂದರೆ ಮಗುವಿನ ಕೈಬಾಯಿಗೆ ಸಿಗದ ಕಡೆ ಇಡಿ, ಅಜ್ಜಿಗೂ ಸಮಾಧಾನ. ನಿಮ್ಮ ಹಳೆಯ ಚಪ್ಪಲಿ ಬಿಗಿಯಾಗಿದ್ದರೆ ಅದೂ ಆಶ್ಚರ್ಯವಲ್ಲ. ಗರ್ಭಿಣಿಯಾಗಿದ್ದಾಗ ಪಾದದ ಕಟ್ಟುಗಳು ಸಡಿಲವಾಗಿ ಕೆಲವರ ಪಾದ ಶಾಶ್ವತವಾಗಿ ಸ್ವಲ್ಪ ಉದ್ದವಾಗುತ್ತದೆ.

ಕೊಪ್ಪದ ಅಮ್ಮನವರ ಮಾತಿಗೆ ಒಂದು ತಿದ್ದುಪಡಿ. ಮೊದಲೆರಡು ವಾರ ಸುಮ್ಮನೆ ಅಳು ಬರುವುದು ಸಾಮಾನ್ಯ. ಅದಾದ ಮೇಲೂ ದಿನವಿಡೀ ಮಂಕು, ಮೊದಲು ಪ್ರಿಯವಾಗಿದ್ದುದೆಲ್ಲ ಬೇಡವಾಗುವುದು, ಮಗು ಮಲಗಿದರೂ ನಿದ್ದೆ ಬಾರದಿರುವುದು ಇದ್ದರೆ ಅದು ಚಿಕಿತ್ಸೆ ಬೇಕಾದ ಖಿನ್ನತೆಯಾಗಿರಬಹುದು. ಬಟ್ಟೆಯ ಹುಚ್ಚಿದ್ದವಳಿಗೆ ಆ ಹುಚ್ಚು ಇನ್ನೂ ಉಳಿದಿದೆ ಎಂಬುದನ್ನು ಓದಿ ನನಗೆ ನೆಮ್ಮದಿಯಾಯಿತು, ಅದು ಪೂರ್ತಿ ಆರಿಹೋದವರನ್ನು ವಾರ್ಡಿನಲ್ಲಿ ನೋಡಿದ್ದೇನೆ. ಅಂಥವರಿಗಾಗಿ ಇಲ್ಲಿ ಬರೆದಿಡುತ್ತೇನೆ: ಮಾನಸಿಕ ಆರೋಗ್ಯದ ಟೆಲಿ ಮನಸ್ ಸಹಾಯವಾಣಿ 14416, ಕರೆ ಉಚಿತ, ಕನ್ನಡದಲ್ಲಿಯೂ ಮಾತನಾಡಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ವಿಭಾಗವೇ ಇದೆ.

ಮಲ್ಲಿಗೆದಂಡೆ (ಭದ್ರಾವತಿ):

ಎಲ್ಲರೂ ರವಿಕೆಯನ್ನು ಹಿಡಿದುಕೊಂಡಿದ್ದೀರಿ, ನನಗೆ ಲಿಫ್ಟಿನ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಡೇರೆಹೂವು ಅವರೇ, ನಿಮ್ಮನ್ನು ಮಗು ನೋಡಿಕೊಳ್ಳುವವಳೆಂದು ತಿಳಿದದ್ದು ನಿಮಗೆ ಅಷ್ಟು ಚುಚ್ಚಿದ್ದೇಕೆ? ನನ್ನ ತಾಯಿ ಹದಿನಾಲ್ಕು ವರ್ಷ ಬೆಂಗಳೂರಿನ ಅಂಥದೇ ಕಟ್ಟಡಗಳಲ್ಲಿ ಮಕ್ಕಳನ್ನು ನೋಡಿಕೊಂಡು, ಪಾತ್ರೆ ತಿಕ್ಕಿ, ನನ್ನನ್ನು ಓದಿಸಿದರು. ಅವರು ಬೆಳಗಿನ ಆರೂವರೆಯ ಬಸ್ಸು ಹಿಡಿಯುವ ಮುನ್ನ ರಾತ್ರಿಯೇ ದಿಂಬಿನಡಿ ಮಡಚಿಟ್ಟು ಇಸ್ತ್ರಿಯಂತೆ ಮಾಡಿಕೊಂಡ ಸೀರೆಯನ್ನು ನೆರಿಗೆ ತಪ್ಪದೆ ಉಡುತ್ತಿದ್ದರು, ತಲೆಯಲ್ಲಿ ಒಂದು ಮೊಳ ಹೂವಿಲ್ಲದೆ ಹೊಸ್ತಿಲು ದಾಟುತ್ತಿರಲಿಲ್ಲ. ಆ ಮನೆಗಳ ಯಜಮಾನಿಯರೇ ನೈಟಿಯಲ್ಲಿ ಬಾಗಿಲು ತೆರೆಯುತ್ತಿದ್ದರು. ಹಾಗಾದರೆ ಬಟ್ಟೆ ಯಾರ ಗುರುತನ್ನು ಹೇಳಿತು?

ಆ ಹೆಂಗಸು ನೋಡಿದ್ದು ನಿಮ್ಮ ನೈಟಿಯನ್ನಲ್ಲ ಎಂದು ನನ್ನ ಅನುಮಾನ. ನಿಮ್ಮ ಮೈಬಣ್ಣ, ನಿಮ್ಮ ಮಾತಿನ ರಾಗ, ನೀವು ಲಿಫ್ಟಿನ ಮೂಲೆಯಲ್ಲಿ ಸಂಕೋಚದಿಂದ ನಿಂತ ರೀತಿ, ಇವನ್ನು ನೋಡಿರಬೇಕು. ಅದಕ್ಕೆ ಯಾವ ಟೈಲರೂ ಹೊಲಿಗೆ ಬಿಚ್ಚಿಕೊಡುವುದಿಲ್ಲ.

ಡೇರೆಹೂವು:

ಮಲ್ಲಿಗೆದಂಡೆ ಅವರೇ, ನಿನ್ನೆಯಿಂದ ನಿಮ್ಮ ಮಾತನ್ನು ನಾಲ್ಕು ಸಲ ಓದಿದೆ. ಚುಚ್ಚಿದ್ದು ನಿಜ, ಅದು ಚುಚ್ಚಬಾರದಿತ್ತು ಎಂಬುದೂ ನಿಜ. ನಮ್ಮ ಮನೆಯ ಬಾಣಂತನಕ್ಕೆ ಬಂದು ಮೂರು ತಿಂಗಳು ನನಗೂ ಮಗಳಿಗೂ ನೀರು ಹಾಕಿದವರು ಕೂಲಿಗೆ ಬಂದವರೇ. ಅವರ ಕೈಯಲ್ಲಿ ಮಗುವನ್ನು ಕೊಟ್ಟಾಗ ನನಗೆ ಇದ್ದ ಧೈರ್ಯ ನನ್ನ ಸ್ವಂತ ಕೈಯ ಮೇಲೂ ಇರಲಿಲ್ಲ. ಅವರನ್ನು ಹೋಲುತ್ತೇನೆಂದು ಯಾರಾದರೂ ಹೇಳಿದರೆ ನಾನು ಹಿಗ್ಗಬೇಕಾಗಿತ್ತು. ತಪ್ಪು ಒಪ್ಪುತ್ತೇನೆ. ಆದರೂ ಒಂದು ಮಾತು: ಯಾರೆಂದು ತಿಳಿದರು ಎಂಬುದಕ್ಕಿಂತ, ನಾನು ಬೆಳಗಿನಿಂದ ಕನ್ನಡಿಯನ್ನೇ ನೋಡಿರಲಿಲ್ಲ ಎಂಬುದು ಆ ಲಿಫ್ಟಿನ ಕನ್ನಡಿಯಲ್ಲಿ ಗೊತ್ತಾಯಿತು. ಹೆಚ್ಚು ನೋವಾದದ್ದು ಅದರಿಂದ ಎಂದು ಈಗ ಅನ್ನಿಸುತ್ತಿದೆ.

ಸೂಜಿದಾರ ಅಕ್ಕ, ಹದಿನೆಂಟರಲ್ಲಿ ಹನ್ನೊಂದಕ್ಕೆ ಮಡಿಕೆಯಿದೆ. ಇವತ್ತು ಅಮ್ಮನೊಂದಿಗೆ ಕುಳಿತು ಬ್ಲೇಡಿನಿಂದ ನಾಲ್ಕರ ಹೊಲಿಗೆ ಬಿಚ್ಚಿದೆ. ಮಡಿಕೆಯೊಳಗಿನ ಬಟ್ಟೆ ಹೊಸದಾಗಿ ಕೊಂಡ ದಿನದ ಬಣ್ಣದಲ್ಲಿಯೇ ಇತ್ತು, ಹೊರಗಿನದು ಮಾಸಿತ್ತು. ಪಕ್ಕದಲ್ಲಿ ಎರಡು ಗೆರೆ ಎದ್ದು ಕಾಣುತ್ತದೆ, ಕಾಣಲಿ.

ಮಗುವಿನ ಅಪ್ಪ (ಹೊಸನಗರ, ಈಗ ಬೆಂಗಳೂರು):

ಹೆಂಗಸರ ಚರ್ಚೆಯ ನಡುವೆ ಬಂದದ್ದಕ್ಕೆ ಕ್ಷಮಿಸಿ, ನಾನು ಡೇರೆಹೂವು ಅವರ ಮನೆಯವನಲ್ಲ, ಬೇರೊಂದು ಮಗುವಿನ ಅಪ್ಪ. ನಾನು ಮಗ ಹುಟ್ಟಿದಾಗಿನಿಂದ ಭುಜದ ಮೇಲೆ ಹಾಲಿನ ಕಲೆಯಿರುವ ಅದೇ ಎರಡು ಟೀ ಶರ್ಟುಗಳಲ್ಲಿ ಓಡಾಡುತ್ತಿದ್ದೇನೆ, ಇದೇ ನಗರದಲ್ಲಿ, ಇಂಥದೇ ಲಿಫ್ಟಿನಲ್ಲಿ. ಈವರೆಗೆ ನನ್ನನ್ನು ಯಾರೂ ಏನೂ ಕೇಳಿಲ್ಲ. "ಎಷ್ಟು ಒಳ್ಳೆಯ ಅಪ್ಪ" ಎಂದು ಮಾತ್ರ ಹೊಗಳಿದ್ದಾರೆ. ನನ್ನ ಹೆಂಡತಿ ಈ ಮಾತನ್ನು ಇಲ್ಲಿ ಬರೆಯಲೇಬೇಕೆಂದು ಹೇಳಿದ್ದರಿಂದ ಬರೆದಿದ್ದೇನೆ.

ಚೊಗರುಬಣ್ಣ (ಸಾಗರ):

ಕಲೆಯ ಮಾತು ಬಂದದ್ದು ಒಳ್ಳೆಯದಾಯಿತು. ಡೇರೆಹೂವು ಅವರ ಮನೆಯಲ್ಲಿ ಈಗ ಅಡಿಕೆ ಸುಲಿಯುತ್ತಿದ್ದಾರೆಂದರೆ ಚೊಗರಿನ (ಅಡಿಕೆ ಬೇಯಿಸಿದ ಬಣ್ಣದ ರಸದ) ಹಂಡೆಯೂ ಒಲೆಯ ಮೇಲಿರಬೇಕು. ನಾವೆಲ್ಲ ಚಿಕ್ಕವರಿದ್ದಾಗ ಅಡಿಕೆ ಬೇಯಿಸುವ ಕಡೆಗೆ ಒಳ್ಳೆಯ ಲಂಗ ತೊಟ್ಟು ಹೋದರೆ ಬೈಗುಳ ತಪ್ಪುತ್ತಿರಲಿಲ್ಲ, ಏಕೆಂದರೆ ಚೊಗರು ಒಮ್ಮೆ ಬಟ್ಟೆಗೆ ಸಿಡಿದರೆ ಆ ಬಟ್ಟೆ ಹರಿಯುವವರೆಗೂ ಅದು ಹೋಗುವುದಿಲ್ಲ. ಹಾಗೆ ಹೋಗದ ಗುಣವನ್ನೇ ಹಿಡಿದುಕೊಂಡು ಹೆಗ್ಗೋಡಿನ ಪಕ್ಕದ ಭೀಮನಕೋಣೆಯಲ್ಲಿ 'ಚರಕ' ಎಂಬ ಮಹಿಳಾ ಸಹಕಾರ ಸಂಘದ ಹೆಣ್ಣುಮಕ್ಕಳು 1990ರ ದಶಕದಿಂದ ಕೈಮಗ್ಗದ ಬಟ್ಟೆಗೆ ಬಣ್ಣ ಹಾಕುತ್ತಿದ್ದಾರೆ. ಅಡಿಕೆ ಚೊಗರಿನ ಕೆಂಗಂದು, ದಾಳಿಂಬೆ ಸಿಪ್ಪೆಯ ಹಳದಿ, ನೀಲಿ. ಆ ಬಟ್ಟೆ 'ದೇಸಿ' ಹೆಸರಿನ ಅಂಗಡಿಗಳ ಮೂಲಕ ಬೆಂಗಳೂರಿಗೂ ಹೋಗಿದೆ.

ನನ್ನ ಮಗು ಚಿಕ್ಕದಿದ್ದಾಗ ನಾನು ಬೆಂಗಳೂರಿನಲ್ಲಿ ಎರಡು ವರ್ಷ ಇದ್ದೆ. ಆಗ ತಿಳಿ ಬಣ್ಣದ ಬಟ್ಟೆಯನ್ನೆಲ್ಲ ಬದಿಗಿಟ್ಟು, ಚೊಗರು ಬಣ್ಣದ ಮೂರು ಜುಬ್ಬ ಹೊಲಿಸಿಕೊಂಡೆ, ಎದೆಯ ಪಟ್ಟಿಯಡಿ ಎರಡೂ ಕಡೆ ಕಣ್ಣಿಗೆ ಕಾಣದ ಜಿಪ್ಪು. ಮಗು ಕಕ್ಕಿದ ಹಾಲು, ಎದೆಹಾಲು ಸೋರಿದ ಗುರುತು, ರಾಗಿ ಸರಿ, ಏನು ಬಿದ್ದರೂ ಆ ಬಣ್ಣ ನುಂಗಿಕೊಳ್ಳುತ್ತಿತ್ತು. ನೆನಪಿಡಿ, ಹಾಲಿನ ಕಲೆಯನ್ನು ಮೊದಲು ತಣ್ಣೀರಿನಲ್ಲಿಯೇ ತೊಳೆಯಬೇಕು. ಬಿಸಿನೀರು ಹಾಕಿದರೆ ಹಾಲಿನ ಅಂಶ ಗಟ್ಟಿಯಾಗಿ ನೂಲಿಗೆ ಕಚ್ಚಿಕೊಳ್ಳುತ್ತದೆ. ರೇಷ್ಮೆಗಾದರೆ ಅಂಟುವಾಳದ ನೊರೆ ಸಾಕು, ಊರಿಂದ ಒಂದು ಸೇರು ಕಾಯಿ ಕಟ್ಟಿಕೊಂಡು ಹೋಗಿ.

ಕಡತಗಾರ್ತಿ (ಚಿಕ್ಕಮಗಳೂರು):

ಕೆಲಸಕ್ಕೆ ಮರಳುವ ಮೊದಲು ಕಾನೂನನ್ನೂ ತಿಳಿದಿರಿ, ಏಕೆಂದರೆ ಹಾಲೂಡಿಸಲು ಹೊತ್ತು ಮತ್ತು ಜಾಗವಿಲ್ಲದ ಕಚೇರಿಯಲ್ಲಿ ಮುಂದಿನ ಹುಕ್ಕಿನ ರವಿಕೆಯಿಂದ ಪ್ರಯೋಜನವಿಲ್ಲ. 1961ರ ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳಸಹಿತ ರಜೆ ಬಂದದ್ದು ಎಲ್ಲರಿಗೂ ಗೊತ್ತು. ಅದೇ ತಿದ್ದುಪಡಿ 50 ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಕಡೆ ಶಿಶುವಿಹಾರದ ಸೌಲಭ್ಯವಿರಬೇಕೆಂದೂ, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಿಬರಬಹುದೆಂದೂ ಹೇಳಿತು. ಮಗುವಿಗೆ 15 ತಿಂಗಳಾಗುವವರೆಗೆ ಮಾಮೂಲು ವಿರಾಮದ ಜೊತೆಗೆ ಹಾಲೂಡಿಸಲೆಂದೇ ಎರಡು ಬಿಡುವು ಕೊಡಬೇಕೆಂಬುದು ಮೂಲ ಕಾಯ್ದೆಯಲ್ಲಿಯೇ ಇತ್ತು. 2025ರ ನವೆಂಬರಿನಲ್ಲಿ ಆ ಕಾಯ್ದೆಯ ಜಾಗಕ್ಕೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಇವೆಲ್ಲ ಇವೆ. ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ಈ ಬಿಡುವನ್ನು ಕೇಳಿದಾಗ ಹಾಗೊಂದು ನಿಯಮವೇ ಇಲ್ಲವೆಂದರು; ಆಗಿದ್ದ ಹಳೆಯ ಕಾಯ್ದೆಯ ಸೆಕ್ಷನ್ 11 ಎಂದು ಕಾಗದದಲ್ಲಿ ಬರೆದುಕೊಟ್ಟ ಮೇಲೆ ದಾಸ್ತಾನು ಕೋಣೆಯ ಬೀಗದ ಕೈ ಕೊಟ್ಟರು. ಹಳೆಯ ಕಡತಗಳ ದೂಳಿನ ನಡುವೆ ನನ್ನ ಮಗಳಿಗೆ ಹಾಲು ಹಿಂಡಿಟ್ಟಿದ್ದೇನೆ. ಹಿಂಡಿದ ಹಾಲು ಕೋಣೆಯ ತಂಪಿನಲ್ಲಿ ನಾಲ್ಕು ಗಂಟೆ, ಫ್ರಿಜ್ಜಿನಲ್ಲಿ ನಾಲ್ಕು ದಿನ ಇರುತ್ತದೆ.

ಹಂಡೆನೀರು:

ಶುಶ್ರೂಷಕಿ ತಂಗಿಯ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ಎರಡನೆಯ ಹೆರಿಗೆಯ ನಂತರ ನಾನು ಒಂದು ಮಳೆಗಾಲ ಪೂರ್ತಿ ತಲೆಗೆ ಹೂವಿಡಲಿಲ್ಲ, ಯಾರೂ ಕೇಳಲೂ ಇಲ್ಲ. ಬಾಣಂತಿಯಲ್ಲವೇ ಎಂದುಕೊಂಡರು. ಈಗ ನೆನೆದರೆ ಅದು ಹೂವಿನ ಮಾತಾಗಿರಲಿಲ್ಲ. ಡೇರೆಹೂವು ಮಗಳೇ, ಒಳ್ಳೆಯ ಸೀರೆ ಉಡಿ. ಜರಿಯಂಚಿನದು ಬೇಡ ಎಂಬ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ.

ಡೇರೆಹೂವು:

ಮೂರು ವಾರದ ನಂತರ ಬರೆಯುತ್ತಿದ್ದೇನೆ. ಮೊನ್ನೆ ಕೆಲಸಕ್ಕೆ ಸೇರಿದೆ. ಅಮ್ಮ ಜೊತೆಗೆ ಬಂದಿದ್ದಾರೆ, ತಿಂಗಳು ನಿಲ್ಲುತ್ತಾರೆ, ಮುಂದಿನದು ಗೊತ್ತಿಲ್ಲ. ಸೂಜಿದಾರ ಅಕ್ಕ ಹೇಳಿದಂತೆ ಅಗಲ ಪಟ್ಟಿಯ ಎರಡು ಲಂಗ ಹೊಲಿಸಿದೆ, ಏಳು ರವಿಕೆಗಳು ಮೈಗೆ ಬಂದವು. ಮೊದಲ ದಿನ ಗಂಜಿಯಿಲ್ಲದ, ಮೆತ್ತಗಿನ ಕಂದು ಹತ್ತಿ ಸೀರೆ ಉಟ್ಟಿದ್ದೆ. ಹನ್ನೊಂದು ಗಂಟೆಯ ಸಭೆಯಲ್ಲಿ ಪಕ್ಕದ ಕೋಣೆಯಿಂದ ಯಾರದೋ ಫೋನಿನಲ್ಲಿ ಮಗುವಿನ ಅಳು ಕೇಳಿಸಿತು, ಕೂಡಲೇ ಎದೆ ಸೋರಿತು. ಸೆರಗನ್ನು ಸ್ವಲ್ಪ ಎಳೆದುಕೊಂಡೆ, ಅಷ್ಟೇ. ಚೊಗರುಬಣ್ಣ ಅವರನ್ನು ಮನಸ್ಸಿನಲ್ಲಿಯೇ ನೆನೆದೆ. ಬಿಡುವು ಕೇಳಿದ್ದೇನೆ, "ನೋಡೋಣ" ಎಂದಿದ್ದಾರೆ. ಸೋಮವಾರ ಕಡತಗಾರ್ತಿ ಅವರಂತೆ ನಿಯಮವನ್ನು ಕಾಗದದಲ್ಲಿ ಬರೆದುಕೊಡುತ್ತೇನೆ.

ಮೇಲಿನ ಮಹಡಿಯವರು ಮತ್ತೊಮ್ಮೆ ಲಿಫ್ಟಿನಲ್ಲಿ ಸಿಕ್ಕಿದ್ದರು. ಅವರಿಗೆ ನನ್ನ ನೆನಪೇ ಇದ್ದಂತಿರಲಿಲ್ಲ. ಮಗು ನೋಡಿಕೊಳ್ಳುವವರು ಸಿಕ್ಕರೇ ಎಂದು ನಾನೇ ಕೇಳಿದೆ, ಇಲ್ಲವೆಂದರು, ಮುಖ ಬಹಳ ದಣಿದಿತ್ತು. ಅವರ ಮಗುವಿಗೂ ಏಳೇ ತಿಂಗಳಂತೆ.

ಕೊನೆಗೊಂದು ಪ್ರಶ್ನೆ. ಅಮ್ಮ ಊರಿನಿಂದ ಕೆಂಪು ಮತ್ತು ಹಳದಿ ಡೇರೆಯ ಗೆಡ್ಡೆಗಳನ್ನು ತಂದಿದ್ದಾರೆ. ಒಂಬತ್ತನೆಯ ಮಹಡಿಯ ಬಾಲ್ಕನಿಯಲ್ಲಿ ಕುಂಡಕ್ಕೆ ಹಾಕಿದರೆ ಬರುತ್ತದೆಯೇ? ಯಾರಾದರೂ ಬೆಳೆದಿದ್ದೀರಾ?

ಚೊಗರುಬಣ್ಣ:

ಬರುತ್ತದೆ. ಆದರೆ ಈಗ ನೆಡಬೇಡಿ, ಒಣ ಮರಳಿನಲ್ಲಿ ಹೂತು ನೆರಳಿನಲ್ಲಿಡಿ, ಮಳೆಗೆ ಸ್ವಲ್ಪ ಮುಂಚೆ ಮೇ ತಿಂಗಳಲ್ಲಿ ಕುಂಡಕ್ಕೆ ಹಾಕಿ. ಕುಂಡ ಕನಿಷ್ಠ ಒಂದು ಅಡಿ ಆಳವಿರಲಿ, ನೀರು ನಿಲ್ಲದಿರಲಿ. ಅಷ್ಟು ಎತ್ತರದಲ್ಲಿ ಗಾಳಿ ಜೋರಾಗಿರುತ್ತದೆ, ಹೂವಿನ ಭಾರಕ್ಕೆ ದಂಟು ಮುರಿಯುತ್ತದೆ. ನೆಡುವ ದಿನವೇ ಒಂದು ಕೋಲು ಕಟ್ಟಿಡಿ.